ಸಸ್ಯ ನಾಲ್ಕು

ಹೆಸರು ಹೇಳಕೂಡದು ಎಂದಿದ್ದಾಳೆ, ಹೇಳುವುದಿಲ್ಲ.
ಬಾಟಲಿಯ ಮೇಲೆ ಬರೆದಿದ್ದೇನೆ: ಸಸ್ಯ ನಾಲ್ಕು.
ತೇಗದ ಎಲೆಯಲ್ಲಿ ಸುತ್ತಿ, ಬಾಳೆನಾರು ಬಿಗಿದು
ಅಗಸೂರಿನ ಬುದವಂತಿ ಗೌಡ ಕೊಟ್ಟ ತೊಗಟೆ.
ಮೂಡಣ ಮುಖದ್ದು, ಕತ್ತಿ ಸೋಕಿಸದೆ
ಕಲ್ಲಲ್ಲಿ ಜಜ್ಜಿ ತೆಗೆದದ್ದು.

'ಮನೆ ಮುಟ್ಟೂವರಿಗೆ ಮಾತಾಡೂಕಿಲ್ಲ ತಂಗೀ,
ಮಾತಾಡ್ದ್ರೆ ಮದ್ದು ದಾರೀಲೇ ಇಳ್ದ್ ಹೋಗ್ತದೆ.'

ಅಂಕೋಲೆಯಿಂದ ಕಾರವಾರಕ್ಕೆ ಒಂದು ಗಂಟೆಯ ಬಸ್ಸು.
ಆಧಾರ್ ಕಾರ್ಡಿನ ವಿಳಾಸದ ಮೇಲೆ ಬೆರಳಿಟ್ಟೆ.
ಮೂಕಿಯೆಂದು ಮರುಗಿದ ಕಂಡಕ್ಟರು
ಪುಕ್ಕಟೆ ಟಿಕೇಟು ಹರಿದು ಕೊಟ್ಟು
ಯಾರನ್ನೋ ಎಬ್ಬಿಸಿ ಕಿಟಕಿ ಪಕ್ಕ ಕೂರಿಸಿದ.
ಬಿಣಗಾದ ತಿರುವಿನಲ್ಲಿ ಫೋನು ಹೊಡೆದುಕೊಂಡಿತು.
ಡಾಕ್ಟರದು. ತೆಗೆಯಲಿಲ್ಲ.
ಎಂ.ಎಸ್ಸಿ. ಓದಿದವಳು ನಾನು.
ತೆಗೆಯಲಿಲ್ಲ.

ನೆರಳಲ್ಲಿ ಹನ್ನೊಂದು ದಿನ ಒಣಗಿತು.
ಪುಡಿ, ಆಲ್ಕೋಹಾಲು, ಸೋಸುಕಾಗದ, ಮಂದ ಶಾಖ.
ಐವತ್ತು ಗ್ರಾಂ ಕುಗ್ಗಿ ಕುಗ್ಗಿ
ತಳದಲ್ಲಿ ಮೂರು ಗ್ರಾಂ ಕರಿ ಅಂಟು,
ಜೋನಿಬೆಲ್ಲದ ಬಣ್ಣ,
ನೆನೆದ ಗೋಣಿಚೀಲದ ವಾಸನೆ.

ಹುಳ ಬೇಕಲ್ಲ? ಬೆಳಗಿನ ಐದಕ್ಕೆ
ಖಲಂದರ್ ಶೇಖನ ಮಾಂಸದಂಗಡಿ.
'ಬನ್ನಿ ಮೇಡಂ, ಇವತ್ತು ಹೊಟ್ಟೆ ತುಂಬಾ ನಿಮ್ಮವರೇ!'
ಚಹಾದ ಫ್ಲಾಸ್ಕಿನಲ್ಲಿ ಬೆಚ್ಚಗಿನ ಉಪ್ಪುನೀರು ಹಿಡಿದು
ನಾನು ಗಿರಾಕಿಗಳ ಸಾಲಿನಲ್ಲಿ.
ಒಂದೊಂದೂ ಹೊಸೆದ ದಾರದ ತುಂಡು:
ಬಿಳಿ ಎಳೆ ಅದರ ತತ್ತಿಚೀಲ,
ಕೆಂಪು ಎಳೆ ಆಡಿನ ರಕ್ತ.

ಐದು ಗಾಜಿನ ತಟ್ಟೆ, ತಟ್ಟೆಗೆ ಹತ್ತು ಹುಳ.
ಒಂದಕ್ಕೆ ಬರೀ ಉಪ್ಪುನೀರು, ಒಂದಕ್ಕೆ ಪೇಟೆಯ ಔಷಧ,
ಮೂರಕ್ಕೆ ಬುದವಂತಿಯ ಮರ: ತೆಳು, ಹದ, ದಟ್ಟ.
ಗಂಟೆಗೊಮ್ಮೆ ಸೂಜಿಮೊನೆಯಿಂದ ಮುಟ್ಟಿ
ಕೇಳಬೇಕು: ಇದ್ದೀಯಾ?

ನಾಲ್ಕನೆಯ ಗಂಟೆಗೆ ದಟ್ಟ ತಟ್ಟೆಯಲ್ಲಿ
ಒಂದೂ ಓಗೊಡಲಿಲ್ಲ. ಹತ್ತಕ್ಕೆ ಹತ್ತು.
ಎದ್ದು ಕಿಟಕಿ ತೆರೆದೆ. ಬೈತಖೋಲದ ಕಡೆಯಿಂದ
ದೋಣಿ ಎಂಜಿನ್ನುಗಳ ಗುಡುಗುಡು.
ಯಾರಿಗಾದರೂ ಹೇಳಬೇಕೆನಿಸಿತು, ಯಾರಿಗೆ?

ಆದರೆ ನಿಯಮವೊಂದಿದೆ:
ಬೆಚ್ಚಗಿನ ಹೊಸ ನೀರಿಗೆ ಹಾಕಿ ಅರ್ಧ ತಾಸು ಕಾಯಬೇಕು.
ಇಪ್ಪತ್ತನೆಯ ನಿಮಿಷಕ್ಕೆ ಒಂದು ಬಾಲ ಕೊಂಕಿತು.
ಆಮೇಲೆ ಪಕ್ಕದ್ದು.
ಅರ್ಧ ತಾಸಿಗೆ ಏಳು, ನಿದ್ದೆ ಮುರಿದವರಂತೆ
ಮೈ ಮುರಿಯುತ್ತಿದ್ದವು.

ನಮೂನೆಯಲ್ಲಿ ಎರಡೇ ಕಾಲಂ: ಬದುಕಿದವು, ಸತ್ತವು.
ಏಳು, ಮೂರು.
'ಪರಿಣಾಮ ಅಲ್ಪ' ಎಂದು ಡಾಕ್ಟರು
ಹಸಿರು ಪೆನ್ನಿನಲ್ಲಿ ಬರೆದರು.

ಭಾನುವಾರ ಹೋಗಿ ಹೇಳಿದೆ.
ಶೇಂಗಾ ಬಿಡಿಸುತ್ತಿದ್ದಳು, ಕೈ ನಿಲ್ಲಲಿಲ್ಲ.
'ಬಸ್ಸಲ್ಲಿ ಮಾತಾಡ್ದ್ಯೇ?'
ಇಲ್ಲ.
'ಮತ್ತೆ ಕೊಲ್ಲೂಕೆ ಯಾರ್ ಹೇಳದ್ರು ನಿಂಗೆ?
ಹೊಟ್ಟೆ ಕಚ್ಕಂಡಿರ್ತದೆ, ಒಂದ್ ಗಳಿಗೆ ಬಾಯ್ ಬಿಟ್ರೆ ಸಾಕು.
ಆಡಿನ ಹೊಟ್ಟೆ ಅಂದ್ರೆ ನಿನ್ನ ಗಾಜಿನ ತಟ್ಟೆಯೇ,
ಸುಮ್ನೆ ಕೂತ್ಕಣೂಕೆ? ನೂಕ್ತದೆ.
ಹಿಕ್ಕೆ ಸಂಗ್ತಿಗೆ ಹೊರಗೆ.
ಆಮೇಲೆ ಅದು ಎಲ್ಲಿ ಎಚ್ಚರಾದ್ರೆ ನಂಗೆಂತಾ?'

ಸಿಪ್ಪೆ ಊದಿದಳು. ತುಸು ಹೊತ್ತಿಗೆ
ಕೇಳದಿದ್ದರೂ ತಾನೇ ಅಂದಳು:
'ಹೋದ ಮಳೆಗಾಲ್ದಲ್ಲಿ ಒಂದ್ ಮರಿ ಉಳೀಲಿಲ್ಲ.
ಇದೇ ಮದ್ದು ಕೊಟ್ಟದ್ದೆ.'

ಇವತ್ತು ಸೋಮವಾರ.
ಉಪ್ಪುನೀರಿನ ತಟ್ಟೆಯಲ್ಲಿ ಇನ್ನೂ ಒಂದೆರಡು ಮಿಸುಕುತ್ತಿವೆ.
ಆಡಿಗೇ ಕೊಟ್ಟು ನೋಡಲು ಅನುಮತಿ ಬೇಕು,
ಅನುಮತಿಗೆ ಅರ್ಜಿ, ಅರ್ಜಿಯ ಮೂರನೆಯ ಸಾಲಿನಲ್ಲಿ
ಸಸ್ಯದ ಹೆಸರು: ಖಾಲಿ ಬಿಡುವಂತಿಲ್ಲ.
ಪೆನ್ನು ತೆರೆದು ಕೂತಿದ್ದೇನೆ,
ಬಿಣಗಾದ ತಿರುವಿನಲ್ಲಿ
ಫೋನು ಹೊಡೆದುಕೊಳ್ಳುತ್ತಲೇ ಇದೆ.